ಸೂಟ್‌ಕೇಸು ಎದ್ದರೆ ತೆರಿಗೆ ಇಳಿಯುವುದು

ಕಂಪನಿಗೆ ಎಷ್ಟು ತೆರಿಗೆ ಎಂಬುದನ್ನು ಅದರ ಸೂಟ್‌ಕೇಸು ನೆಲದಿಂದ ಎಷ್ಟು ಮೇಲೆದ್ದಿದೆ ಎಂದು ಅಳೆದು ನಿಗದಿಪಡಿಸಲಾಗುತ್ತದೆ.

ವಿಚಾರಣೆಯ ದಿನ ಸೋಪು ಕಂಪನಿಯ ಮ್ಯಾನೇಜರು ತೆರಿಗೆ ಕಚೇರಿಗೆ ಬಂದರು. ಸಾಹೇಬರು "ಶೇಕಡಾ ಮೂವತ್ತು" ಎಂದರು. ಮ್ಯಾನೇಜರು ಸೂಟ್‌ಕೇಸನ್ನು ಒಂದು ಗೇಣು ಎತ್ತಿ, "ಹಾಗಾದ್ರೆ ಕಂಪನಿ ಊರು ಬಿಡುತ್ತೆ ಸಾರ್" ಎಂದರು. ಗುಮಾಸ್ತರು ಟೇಪು ಹಿಡಿದು ಅಳೆದರು. "ಇಪ್ಪತ್ತು," ಎಂದರು ಸಾಹೇಬರು. ಮೊಣಕಾಲಿನವರೆಗೆ ಎದ್ದಿತು. "ಹತ್ತು." ಸೂಟ್‌ಕೇಸು ನೆಲ ಕಂಡಿತು, ಕಚೇರಿಗೆ ಉಸಿರು ಬಂತು. ಸದರಿ ಸೂಟ್‌ಕೇಸನ್ನು ಪ್ರತಿಸಲ ಹೊತ್ತು ತರುವ ಶ್ರಮ ಬೇಡವೆಂದು ಕಚೇರಿಯಲ್ಲೇ ಅದಕ್ಕೊಂದು ಕುರ್ಚಿ ಕೊಡಲಾಗಿದೆ.

ಕಡಿಮೆ ಬಿದ್ದದ್ದನ್ನು ತುಂಬಲು ಬೀದಿಯ ಅಂಗಡಿಗಳಿಗೆ ನೋಟೀಸು ಹೋಯಿತು. ಕಚೇರಿಯ ಎದುರಿಗೇ ಇಸ್ತ್ರಿ ಅಂಗಡಿ ಇಟ್ಟಿರುವ ನನ್ನ ಚಿಕ್ಕಮ್ಮನಿಗೂ ಬಂತು: ವಾರದೊಳಗೆ ಕಟ್ಟದಿದ್ದರೆ ಇಸ್ತ್ರಿಪೆಟ್ಟಿಗೆ ಜಪ್ತಿ. ಅವಳಿಗಿರುವುದು ಅದೊಂದೇ ಪೆಟ್ಟಿಗೆ. ಮ್ಯಾನೇಜರ ಕೋಟು ಗರಿಗರಿಯಾಗುತ್ತಿದ್ದುದೂ ಅದರಿಂದಲೇ.

"ಚಿಕ್ಕಮ್ಮ, ನೀನೂ ಗಂಟು ಕಟ್ಟು. ಅಲ್ಲಿ ಅದೇ ಪದ್ಧತಿ," ಎಂದೆ.

ಪೆಟ್ಟಿಗೆಯನ್ನು ಸೀರೆಯಲ್ಲಿ ಗಂಟು ಕಟ್ಟಿ ಹೊರಟಳು. ನಾನೂ ಹಿಂದೆ ಹೋದೆ. ಸೂಟ್‌ಕೇಸು ಕೂತಿತ್ತು, ನಾವು ನಿಂತೆವು.

"ನಾನೂ ಊರು ಬಿಡ್ತೀನಿ ಸಾಹೇಬ್ರೆ."

"ಹುಷಾರಾಗಿ ಹೋಗಮ್ಮ. ಬಸ್ಸಿಗೆ ಚಿಲ್ಲರೆ ಇಟ್ಕೋ."

"ಮತ್ತೆ ಅವರಿಗೆ ಇಳಿಸಿದ್ರಲ್ಲ?"

"ಚಕ್ರ ಇರೋ ಸಾಮಾನಿಗೆ ಮಾತ್ರ ರಿಯಾಯಿತಿ. ಗಂಟಿಗೆ ನಿಯಮ ಇಲ್ಲ."

ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಸೂಟ್‌ಕೇಸಿನ ಜಿಪ್ಪು ಎಳೆದೆ. ಒಳಗೆ ಒಂದು ಕರ್ಚೀಫೂ ಇರಲಿಲ್ಲ.

"ಸಾರ್, ಇದು ಖಾಲಿ. ಇವರು ಎಲ್ಲಿಗೂ ಹೋಗೋರಲ್ಲ."

ಸಾಹೇಬರು ಎದ್ದು ಬಂದು ಬಗ್ಗಿ ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅಯ್ಯೋ ಪಾಪ. ಉಟ್ಟ ಬಟ್ಟೇಲೇ ಹೊರಟಿದ್ದಾರೆ. ಬಿಡ್ರೀ, ಐದು ಮಾಡಿ."

ಆಮೇಲೆ ಚಿಕ್ಕಮ್ಮನ ಗಂಟು ಎತ್ತಿ ನೋಡಿ, ಸೊಂಟ ಹಿಡಿದುಕೊಂಡರು. "ಇಷ್ಟು ಭಾರ ಇಟ್ಕೊಂಡು ಬಡವಿ ಅಂತೀಯಲ್ಲಮ್ಮ." ಪೆಟ್ಟಿಗೆ ಅಲ್ಲೇ ಜಪ್ತಿಯಾಯಿತು. ಗಂಟಿನ ಸೀರೆಯನ್ನು ಮಾನವೀಯ ದೃಷ್ಟಿಯಿಂದ ಹಿಂದಿರುಗಿಸಲಾಯಿತು.

ಮುಂದಿನ ವಿಚಾರಣೆಗೆ ಬೀದಿಯವರನ್ನೆಲ್ಲ ಕರೆದಿದ್ದರು. ಮ್ಯಾನೇಜರು ಮುದುಡಿದ ಕೋಟಿನಲ್ಲಿ ಬಂದರು. ಸಾಹೇಬರು ಎದ್ದು ಬಂದು ಕೋಟಿನ ಸುಕ್ಕನ್ನು ಮುಟ್ಟಿ ನೋಡಿದರು.

"ಇಸ್ತ್ರಿಗೂ ಗತಿ ಇಲ್ವೇನ್ರೀ ನಿಮಗೆ?"

"ಎಲ್ಲಿ ಸಾರ್," ಎಂದು ಮ್ಯಾನೇಜರು ತಲೆ ತಗ್ಗಿಸಿದರು.

ಸೂಟ್‌ಕೇಸು ಎತ್ತುವ ಮೊದಲೇ ತೆರಿಗೆ ಸೊನ್ನೆಗೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮನೂ ತಟ್ಟಿದಳು, ಕೈಗೆ ಬೇರೆ ಕೆಲಸವಿರಲಿಲ್ಲ.