ನಮ್ಮ ಮನಿಯಾಕಿಯ ಕೊರಳಾಗಿನ ಕಾರಭಾರಿ

ನಿಪ್ಪಾಣಿಯೊಳಗ ಎಲ್ಲಾರೂ ಕೈಲೆ ಬೀಡಿ ಕಟ್ಟಿದರ, ನಮ್ಮ ಮನಿಯಾಕಿ ಒಬ್ಬಾಕಿ ಕೊರಳಲೆ ಕಟ್ಟತಿದ್ದಳು! ಖರೇ ಅನಸೂದಿಲ್ಲೇನು? ಕೇಳ್ರಿ.

ಒಂದು ವರ್ಷ ಆಕಿಗೆ ಏನೋ ಹುರುಪು ಹತ್ತಿತು. ಓಣಿಯ ಹೆಂಗಸರು ಒಂದು ಕಟ್ಟು ಸುತ್ತೂದ್ರಾಗ ಈಕಿ ಎರಡು ಸುತ್ತಾಕಿ. ಊಟಕ್ಕ ಕುಂತರ ರೊಟ್ಟಿ ಬುಟ್ಟಿ ಖಾಲಿ, ಮೈ ಮಾತ್ರ ಕಡ್ಡಿ! ಸಂಕ್ರಾಂತಿ ಚಳಿಯಾಗ ಫ್ಯಾನ್ ಹಚ್ಚಾಕಿ. ನಾನು ಕೌದಿಯೊಳಗ ಮುದುಡಿ "ಆರಿಸ ಅದನ್ನ" ಅಂದರ, "ನೀವ ಹೊರಗ ಹೋಗ್ರಿ, ಅಲ್ಲಿ ಫ್ಯಾನ್ ಇಲ್ಲ" ಅಂತಿದ್ದಳು.

ಕಡೀಕ ಕೈ ನಡುಗಿ ತಂಬಾಕ ಚೆಲ್ಲಾಕ ಹತ್ತಿದ ಮ್ಯಾಲೆ ದವಾಖಾನಿಗೆ ಬಂದಳು. ಡಾಕ್ಟರಬಾಯಾರು ರಕ್ತ ತಪಾಸ ಮಾಡಿ ಹೇಳಿದರು: "ಕೊರಳಾಗ ಚಿಟ್ಟಿಯಂಥ ಗ್ರಂಥಿ ಐತ್ರಿ, ಥೈರಾಯ್ಡ್. ಮೈಯಾಗಿನ ಒಲಿ ಎಷ್ಟು ಉರೀಬೇಕು ಅನ್ನೂದು ಅದರ ಕಾರಭಾರ. ನಿಮ್ಮದು ಅತಿ ಕೆಲಸ ಮಾಡಾಕತ್ತೈತಿ."

"ಮಾಡಲಿ ಬಿಡ್ರಿ. ಮನ್ಯಾಗ ನಾ ಬಿಟ್ರ ಅದೊಂದ ಕೆಲಸ ಮಾಡೂದು!" ಅಂದು ನನ್ನ ಕಡೆ ನೋಡಿದಳು.

ಗುಳಿಗಿಗೆ ಅದು ಬಗ್ಗಲಿಲ್ಲ, ಕೊಯ್ದು ತಗೀಬೇಕು ಅಂದರು. ಆಪರೇಷನ್ ಒಲ್ಲೆ ಅಂತ ಹಟ ಹಿಡಿದಾಕಿ, ಮಗಳು ಬಸುರಾದ ಸುದ್ದಿ ಬಂದ ಕೂಡಲೇ ಹೂಂ ಅಂದಳು. ನಡುಗೂ ಕೈಲೆ ಮೊಮ್ಮಗುವಿಗೆ ನೀರು ಎರೆಯೂದು ಹೆಂಗ?

ಥೈರಾಯ್ಡ್ ತಗದ ಮರುದಿನ ಆಕಿಯ ಬೆರಳು ಕೂಡಿ, ಹೆಬ್ಬಟ್ಟು ಒಳಗ ಮಡಚಿ, ಎರಡೂ ಕೈ ಸೆಟದು ಬಿಗಿದವು. "ನೋಡ್ರಿ, ಕೈ ತಾವ ಬೀಡಿ ಕಟ್ಟಾಕತ್ತಾವ" ಅಂದಳು. ನಾವು ನಕ್ಕಿವಿ! ನೋಡಾಕ ಬಂದಿದ್ದ ಗೆಳತಿ ಎಲಿ, ದಾರ ತರಾಕ ಎದ್ದಳು!

ನರ್ಸಬಾಯಿ ಮಾತ್ರ ನಗಲಿಲ್ಲ. ಓಡಿದಳು. ಥೈರಾಯ್ಡಿನ ಬೆನ್ನಿಗೆ ಜ್ವಾಳದ ಕಾಳಿನಂಥ ನಾಲ್ಕು ಪ್ಯಾರಾಥೈರಾಯ್ಡ್ ಇರತಾವಂತ. ರಕ್ತದಾಗಿನ ಕ್ಯಾಲ್ಸಿಯಂ ಇಳಿಯದಂಗ ಕಾಯೋ ವಾಚಮನ್ನರು. ಥೈರಾಯ್ಡ್ ಅನ್ನೋ ಮಗ್ಗಲ ಮನಿ ಕೆಡವಿದ ಗದ್ದಲಕ್ಕ ಅವು ದಿಗಿಲು ಬಿದ್ದು ಕೆಲಸ ಬಿಟ್ಟಿದ್ದವು. ಕ್ಯಾಲ್ಸಿಯಂ ಇಳಿದರ ನರ ಕೆರಳಿ ಕೈ ಸೆಟೀತಾವ. "ತಡಾ ಆದರ ಜೀವಕ್ಕ ಕುತ್ತು" ಅಂದರು ಡಾಕ್ಟರಬಾಯಾರು. ನನ್ನ ನಗು ಅಲ್ಲೇ ಇಂಗಿತು.

ಸಲಾಯಿನ್ ಹಚ್ಚಿ ನಿಧಾನಕ್ಕ ಕ್ಯಾಲ್ಸಿಯಂ ಬಿಟ್ಟರು. ನಾನು ಆ ಕೈ ಹಿಡಿದು ಕುಂತೆ. ಒಂದೊಂದ ಬೆರಳು ಸಡಲಿತು. ಆಕಿ ಕಣ್ಣು ಬಿಟ್ಟು, "ಮಂದಿ ನೋಡತಾರ, ಕೈ ಬಿಡ್ರಿ" ಅಂದಳು!

ಈಗ ದಿನಾ ಮುಂಜಾನೆ ಖಾಲಿ ಹೊಟ್ಯಾಗ, ತಗದ ಥೈರಾಯ್ಡಿನ ಬದಲಿಗೆ ಒಂದು ಗುಳಿಗಿ. ವಾಚಮನ್ನರೂ ಕೆಲಸಕ್ಕ ಹಾಜರ ಆಗ್ಯಾರ.

ಮೊನ್ನೆ ಮೊಮ್ಮಗಳು ಹುಟ್ಟಿದಳ್ರಿ! ಮನಿಯಾಕಿ ಕಾಲ ಮ್ಯಾಲೆ ಹಾಕ್ಕೊಂಡು ಎರೆಯಾಕ ಕುಂತರ, ಕೂಸು ಮುಷ್ಟಿ ಬಿಚ್ಚವಲ್ದು. ಹೆಬ್ಬಟ್ಟು ಒಳಗ! ನಾ ದವಾಖಾನಿಗೆ ಓಡಾಕ ಚಪ್ಪಲ ಮೆಟ್ಟಿದೆ. ಆಕಿ ನಕ್ಕು, "ಎಲ್ಲಾ ಕೂಸೂ ಹಿಂಗ ಇರತಾವ, ಹೆದರಬ್ಯಾಡ್ರಿ" ಅಂದಳು. ಆಮ್ಯಾಲೆ ನಡುಗದ ಕೈಲೆ ಒಂದೊಂದ ಎಳಿ ಬೆರಳು ಬಿಡಿಸಿದಳು.

"ಬಿಚ್ಚ ನನ್ನವ್ವ, ಬಿಚ್ಚ. ಬೀಡಿ ಕಟ್ಟೂದು ನನ್ನ ಕೈಗೇ ಮುಗೀಲಿ."