ಭಾವನ ಗಂಟಲು

ನ್ಯೂಜೆರ್ಸಿಯ ಯಾವ ಔಷಧಿ ಅಂಗಡಿಗೂ ನಾನು ತಲೆಯೆತ್ತಿಕೊಂಡು ಹೋಗದ ಹಾಗೆ ಮಾಡಿದ ಕೀರ್ತಿ ನಮ್ಮ ಭಾವನಿಗೆ ಸಲ್ಲಬೇಕು. ಧಾರವಾಡದವರು. ಕಂಡಕಂಡವರಿಗೆಲ್ಲ ಅವರು ಸಾರುತ್ತಿದ್ದುದು ಒಂದೇ ಸಂಗತಿ: "ನನಗ ಗುಳಿಗಿ ನುಂಗಾಕ ಬರೂದಿಲ್ರೀ."

ಶುದ್ಧ ಸುಳ್ಳು! ನುಂಗಲಾಗದಿದ್ದವಳು ನಮ್ಮಕ್ಕ. ಮೊದಲು ಕೈ ನಡುಗಲು ಶುರುವಾಯಿತು, ಪಾರ್ಕಿನ್ಸನ್ಸ್ ಎಂದರು. ಆಮೇಲೆ ಗಂಟಲೂ ಮುಷ್ಕರ ಹೂಡಿತು. ಮಾತ್ರೆ ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು; ಕೆಮ್ಮು, ಕಣ್ಣೀರು. ಅವಮಾನದಿಂದ ಅಕ್ಕ ನಾಲ್ಕು ಜನರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಳು. "ಯಾರಿಗಾದ್ರೂ ಹೇಳಿದ್ರೆ ನನ್ನಾಣೆ" ಎಂದು ನಮ್ಮಿಬ್ಬರ ಬಾಯಿ ಕಟ್ಟಿಹಾಕಿದಳು. ನಾನೇನೋ ಸುಮ್ಮನಾದೆ. ಭಾವ ಸುಮ್ಮನಿರುವ ಪೈಕಿಯೇ? ಅವಳ ಗಂಟಲನ್ನು ತಮ್ಮ ಹೆಸರಿಗೆ ಮಾಡಿಕೊಂಡು ವಿಚಾರಣೆಗೆ ಹೊರಟರು.

ನ್ಯೂಯಾರ್ಕಿನ ಫ್ಲಶಿಂಗ್ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ಪರಿಚಯದ ಡಾಕ್ಟರ್ ಅಂಕಲ್ ಒಬ್ಬರು ದೋಸೆ ತಿನ್ನುತ್ತಿದ್ದರು. ಭಾವ ಎದುರಿಗೆ ಕೂತರು.

"ಸರ, ಬಾಯಿ ಒಂದು ಬಿಟ್ರ ಮೈಯಾಗ ಔಷಧಕ್ಕ ಇನ್ನೆಷ್ಟು ಬಾಗಲಾ ಅದಾವ?"

"ಮೂಗಿಗೆ ಸ್ಪ್ರೇ ಇದೆ, ಇನ್‌ಹೇಲರ್ ಇದೆ, ನಾಲಿಗೆ ಕೆಳಗೆ ಕರಗೋದಿದೆ, ಚರ್ಮಕ್ಕೆ ಅಂಟಿಸೋ ಪ್ಯಾಚ್ ಇದೆ. ಇನ್ನೊಂದು..." ಅಂಕಲ್ ಚಟ್ನಿಯನ್ನು ನೋಡುತ್ತಾ ತಡವರಿಸಿದರು.

"ಹಿತ್ತಲ ಬಾಗಲಾ ಅನ್ರಿ!" ಅಂದರು ಭಾವ. ದೋಸೆಯ ಸಾಲು ಪೂರ್ತಿ ತಿರುಗಿ ನೋಡಿತು. ನನಗೆ ಸಾಂಬಾರಿನಲ್ಲಿ ಮುಳುಗಿಬಿಡೋಣ ಅನ್ನಿಸಿತು.

ಅಲ್ಲಿಗೂ ಬಿಟ್ಟರೆ? ಔಷಧಿ ಅಂಗಡಿಯಲ್ಲಿ ಆ ಹಿತ್ತಲ ಬಾಗಿಲಿನ ಸಪೋಸಿಟರಿ ಡಬ್ಬಿ ಹಿಡಿದು, ಕೌಂಟರಿನ ಹುಡುಗಿಯನ್ನು "ವಾಟ್ ಈಸ್ ದ ಡಯಾಮೀಟರ್?" ಎಂದು ಕೇಳಿದರು. ಸಿವಿಲ್ ಎಂಜಿನಿಯರ್ ನೋಡಿ, ಅಳತೆಯಿಲ್ಲದೆ ಕೆಲಸವಿಲ್ಲ. ನಾನು ಅವರ ಜೊತೆ ಬಂದವಳೇ ಅಲ್ಲ ಎಂಬಂತೆ ಶಾಂಪೂ ಬಾಟಲಿ ಓದುತ್ತಾ ನಿಂತೆ.

ಕೊನೆಗೆ ಅಕ್ಕನ ಡಾಕ್ಟರೇ ಪ್ಯಾಚ್ ಬರೆದುಕೊಟ್ಟರು. ದಿನಕ್ಕೊಂದು, ಭುಜಕ್ಕೆ ಅಂಟಿಸಿದರಾಯಿತು. ಅಕ್ಕ ಸ್ವಲ್ಪ ಚೇತರಿಸಿಕೊಂಡಳು. ಅಷ್ಟರಲ್ಲಿ ದೀಪಾವಳಿ ಬಂತು. ನಮ್ಮವರು ನ್ಯೂಜೆರ್ಸಿಗೆ ಬಂದರೂ ಎಣ್ಣೆಸ್ನಾನ ಬಿಟ್ಟಾರೆಯೇ? ಭಾವ ಅಕ್ಕನಿಗೆ ಹರಳೆಣ್ಣೆ ಒತ್ತಿದ್ದೇ ಒತ್ತಿದ್ದು. ಸ್ನಾನವಾದ ಮೇಲೆ ಹೊಸ ಪ್ಯಾಚ್ ಅಂಟಿಸಿದರು. ಎಣ್ಣೆ ಜಿಡ್ಡಿನ ಮೇಲೆ ಅದು ನಿಲ್ಲುವುದುಂಟೆ?

ಬೇಸ್‌ಮೆಂಟಿನಲ್ಲಿ ಅತಿಥಿಗಳ ಪಂಕ್ತಿ ಕೂತಿತ್ತು. ಬಡಿಸುತ್ತಿದ್ದ ಅಕ್ಕನ ಭುಜದಿಂದ ಪ್ಯಾಚ್ ಜಾರಿ ಪಕ್ಕದ ಮನೆಯ ಆಂಟಿಯ ಎಲೆಯ ಬುಡದಲ್ಲಿ ಬಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ರೀ ಇದು?" ಅಂದರು. ಅಕ್ಕನ ಮುಖ ಬಿಳಿಚಿಕೊಂಡಿತು.

"ನಂದ್ರೀ ಅದು. ಗುಳಿಗಿ ನುಂಗಾಕ ಬರೂದಿಲ್ಲಲ್ರೀ, ಅದಕ್ಕ ಹಚ್ಕೋತೀನಿ" ಎಂದರು ಭಾವ, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು.

"ಹೋಳಿಗೆ ಮೇಲೆ ಹೋಳಿಗೆ ಇಳೀತಾ ಇದೆ, ಮಾತ್ರೆ ಮಾತ್ರ ಇಳಿಯಲ್ವಾ?" ಎಂದರು ಆಂಟಿ.

ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಭಾವನೂ ನಕ್ಕರು. ನಾನು ನಾಚಿಕೆಯಿಂದ ಗೋಡೆ ನೋಡುತ್ತಿದ್ದೆ.

"ಅದು ಅವರದ್ದಲ್ಲ, ನಂದು," ಎಂದಳು ಅಕ್ಕ. ಈಚೆಗೆ ಅವಳ ದನಿ ತೀರ ಸಣ್ಣದಾಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು. "ನುಂಗಕ್ಕೆ ಬರದೇ ಇರೋದು ನನಗೆ. ನನಗೋಸ್ಕರ ಇಷ್ಟು ದಿನ ಇವರು ನಗೆಪಾಟಲಾಗ್ತಿದ್ದಾರೆ."

ನಗು ನಿಂತಿತು. ನನಗೆ ಯಾರ ಮುಖವನ್ನೂ ನೋಡಲಾಗಲಿಲ್ಲ, ಭಾವನದಂತೂ ಅಲ್ಲವೇ ಅಲ್ಲ.

ಭಾವ ಎದ್ದು ಪಂಕ್ತಿಯ ಕೊನೆಗೆ ಒಂದು ಕುರ್ಚಿ ಎಳೆದು ಹಾಕಿ, ಬಟ್ಟಲಲ್ಲಿ ಶ್ರೀಖಂಡ ತಂದಿಟ್ಟರು. ಅಕ್ಕ ಕೂತಳು. ಚಮಚ ನಡುಗಿತು, ಕೆಮ್ಮು ಬಂತು, ಶ್ರೀಖಂಡ ಗಲ್ಲಕ್ಕೆ ಮೆತ್ತಿತು. ಸುತ್ತಲೂ ನೋಡಿ ಚಮಚ ಕೆಳಗಿಟ್ಟಳು. ಭಾವ ಅವಳ ಗಲ್ಲ ಒರೆಸಿ, "ಸಾವಕಾಶ ತಿನ್ನ," ಎಂದರು. ಅವಳು ಮತ್ತೆ ಚಮಚ ಎತ್ತಿಕೊಂಡಳು.

ಎಲ್ಲರ ಊಟವೂ ಮುಗಿದು ಕೈ ಒಣಗುತ್ತಿತ್ತು. ಅಕ್ಕನ ಬಟ್ಟಲು ಖಾಲಿಯಾಗುವವರೆಗೆ ಪಂಕ್ತಿಯಿಂದ ಒಬ್ಬರೂ ಏಳಲಿಲ್ಲ.