ಕಳ್ಳ ವೈಫೈ ಹಿಡಿಯುವ ನಮ್ಮ ಮಾಮ

ನಮ್ಮ ಸೋದರಮಾವನಿಗೆ ಹೆದರದ ಗೋಡೆಯೇ ಬೆಂಗಳೂರಿನಲ್ಲಿಲ್ಲ! ಕಂಪನಿಗಳಲ್ಲಿ ಅನುಮತಿಯಿಲ್ಲದೆ ಯಾರೋ ಸಿಕ್ಕಿಸಿಕೊಂಡ ವೈಫೈ ಪೆಟ್ಟಿಗೆಗಳನ್ನು ಹುಡುಕಿ ಕೀಳುವುದೇ ಅವನ ಉದ್ಯೋಗ. ಎದೆಗೆ ಲ್ಯಾಪ್‌ಟಾಪ್, ಕೈಯಲ್ಲಿ ಉದ್ದನೆಯ ಆಂಟೆನಾ. ಸಿಗ್ನಲ್ ಎತ್ತ ಜೋರೋ ಅತ್ತ ನಡಿಗೆ. ಅಡ್ಡ ಗೋಡೆ ಬಂದರೆ ಗೋಡೆಯ ಮೇಲೇ ಸಿಟ್ಟು!

ಒಮ್ಮೆ ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಬಳಿ ಆಂಟೆನಾ ಎತ್ತಿ ಸುತ್ತುತ್ತಿದ್ದ. ಜ್ಯೂಸ್ ಅಂಗಡಿಯವರು ರಸ್ತೆ ಅಗಲ ಮಾಡುವ ಸರ್ವೆಯೆಂದು ಬೆದರಿ, ಫುಟ್‌ಪಾತಿನ ಸ್ಟೂಲುಗಳನ್ನೆಲ್ಲ ಒಳಗೆಳೆದುಕೊಂಡರು. "ಇನ್ನೂ ಎಷ್ಟ್ ಅಡಿ ಹೋಗುತ್ತೆ ಸಾರ್?" ಎಂದು ಕೈ ಬೇರೆ ಮುಗಿದರು! ಹಲಸೂರಿನ ತನ್ನ ಮನೆಯಲ್ಲೇ ಅತ್ತೆ ಹೇಳದೆ ಹಾಟ್‌ಸ್ಪಾಟ್ ಹಾಕಿದ್ದಕ್ಕೆ, ಅಡುಗೆಮನೆಯ ಮೇಲೇ ರಿಪೋರ್ಟ್ ಬರೆದ ಮಹಾನುಭಾವ ಇವನು.

ಅಂಥವನು ಮಹದೇವಪುರದ ನನ್ನ ಆಫೀಸಿಗೇ ಬಂದದ್ದು ನನ್ನ ಗ್ರಹಚಾರ. ಯಾಕೆ ಗೊತ್ತೇ? ಕಳ್ಳಿ ನಾನೇ! ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಲಕ್ವ ಹೊಡೆದು ಮಲಗಿರುವ ಅವ್ವನನ್ನು ಮನೆಯ ಕ್ಯಾಮೆರಾದಲ್ಲಿ ಆಗಾಗ ನೋಡಲೆಂದು, ಹಳೆಯ ವೈಫೈ ಪೆಟ್ಟಿಗೆಯೊಂದನ್ನು ಆಫೀಸಿನ ನೆಟ್‌ವರ್ಕಿಗೆ ಸಿಕ್ಕಿಸಿ ಬೀರುವಿನ ಹಿಂದೆ ಅಡಗಿಸಿದ್ದೆ. ಸಿಕ್ಕಿಬಿದ್ದವರಿಗೆ ಅಂದೇ ಕೊನೆಯ ದಿನವೆಂದು ಮ್ಯಾನೇಜರು ಮೊದಲೇ ಸಾರಿದ್ದರು.

ಮೆಟ್ಟಿಲ ಮೇಲೆ ಮಾಮನ ಚಪ್ಪಲಿ ಸದ್ದು. ಪೆಟ್ಟಿಗೆ ಕಿತ್ತೆಸೆಯೋಣವೆಂದರೆ ಸಮಯವೆಲ್ಲಿ! ಆಂಟೆನಾ ಬಾಗಿಲಿಗೆ ಬಂತು, ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಬೀರುವಿನ ಎದುರು ನಿಂತಿತು. ಮಾಮ ಹಿಂದಕ್ಕೆ ಕೈ ಹಾಕಿ ಪ್ಲಗ್ ಹಿಡಿದ.

"ಯಾರದ್ರೀ ಇದು?" ಎಂದರು ಜೊತೆಗಿದ್ದ ಮ್ಯಾನೇಜರು.

ನಾನು ಮೊಬೈಲ್ ಮುಂದೆ ಹಿಡಿದೆ. ಅದರಲ್ಲಿ ಅವ್ವ ಎಡಗೈಯಿಂದ ನೀರಿನ ಲೋಟಕ್ಕೆ ತಡಕಾಡುತ್ತಿದ್ದಳು. ಮಾಮನ ಮುಖ ಬಿಳಿಚಿತು.

"ಇದನ್ನ ಇಟ್ಟಾಕಿ ನಮ್ಮಕ್ಕನ ಮಗಳ್ರೀ ಸರ. ರಿಪೋರ್ಟ್‌ನ್ಯಾಗ ಬರೀತೀನಿ. ಆದ್ರ ಒಂದ್ ನಿಮಿಷ ತಡೀರಿ, ನಮ್ಮಕ್ಕ ನೀರು ಕುಡೀಲಿ."

ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಲೋಟ ಎರಡು ಸಲ ಜಾರಿತು. ಕೊನೆಗೂ ಅವ್ವನ ತುಟಿ ಮುಟ್ಟಿತು.

ಮ್ಯಾನೇಜರು ಕೆಮ್ಮಿ, "ನಾಳೆಯಿಂದ ಮೇಲೆ ಕಿಟಕಿ ಪಕ್ಕ ಕೂತ್ಕೊಳ್ಳಿ ಮೇಡಂ. ಅಲ್ಲಿ ಮೊಬೈಲ್ ಸಿಗ್ನಲ್ ಬರುತ್ತೆ. ಇದನ್ನ ತೆಗೀರಿ ಸಾರ್," ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಪ್ಲಗ್ ಹಿಡಿದ ಮಾಮನ ಕೈ ಅಲ್ಲಾಡಲೇ ಇಲ್ಲ.

"ತಡೀರಿ ಸರ," ಅಂದ, "ಇನ್ನೊಂದು ಗುಟುಕು ಕುಡೀಲಿ."